ಕುಂಡದಿಂದ ಸೋರುವ ನೀರು

“ಥೈಲ್ಯಾಂಡಿಂದ ರಾಯದುರ್ಗಕ್ಕ ಗಿಡಾನ ಬಂತು. ಇಲ್ಲಿಂದ ಮಡಕಶಿರಾಕ್ಕ ಕೊರಿಯರ್ ಹೋಗಾದಿಲ್ಲೇನ್ರಿ?”

ಬಾಗಿಲಲ್ಲಿ ನಿಂತಿದ್ದ ಗೋಪಿ ನಕ್ಕ. ನಸುಕಿಗೇ ಹೊರಟು, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಅವನ ಅಂಗಿ ಮುದ್ದೆಯಾಗಿತ್ತು. ನಗು ಮಾತ್ರ ಈಗಷ್ಟೇ ಇಸ್ತ್ರಿ ಮಾಡಿದಂತಿತ್ತು.

“ಹೋಗುತ್ತೆ ಕಣ್ರೀ. ಆದ್ರೆ ಗ್ರೂಪಲ್ಲಿ ನಿಮ್ ವಾಯ್ಸ್ ಮೆಸೇಜ್ ಕೇಳ್ತಿದ್ನಲ್ಲ, ಆ ದನಿ ಕೊರಿಯರಲ್ಲಿ ಬರಲ್ಲ.”

ಹೊಲಿಗೆ ಮೆಷಿನ್ನಿನ ಪಕ್ಕ ಜೀನ್ಸ್ ಬಟ್ಟೆಯ ರಾಶಿ, ಶಿರಿಷಾಳ ಬೆರಳ ತುದಿಗೆಲ್ಲ ಅದರ ನೀಲಿ. ಕೈಗಳನ್ನು ವೇಲಿನ ಮರೆಗೆ ಸರಿಸಿಕೊಂಡಳು. ಅವನು ಅದನ್ನೂ ನೋಡಿದ.

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರಿಗೆ ಬರವಿಲ್ಲ. ಶಿರಿಷಾ, ಅವಳ ತಾಯಿ ಬನಶಂಕರಮ್ಮ ಇಬ್ಬರದೂ ಅದೇ ಕೆಲಸ. ಆದರೆ ಮಹಡಿಯ ಮೇಲೆ ಹಸಿರು ನೆಟ್ ಕಟ್ಟಿ ಥೈಲ್ಯಾಂಡಿನ ಗಿಡ ಸಾಕುವ ಹುಚ್ಚು ಆ ಬೀದಿಗೆಲ್ಲ ಇವಳೊಬ್ಬಳಿಗೇ. ವಾಟ್ಸಾಪ್ ಗ್ರೂಪಿನವರು ಒಟ್ಟಾಗಿ ಆರ್ಡರ್ ಮಾಡುತ್ತಿದ್ದರು, ಪೆಟ್ಟಿಗೆ ಇವಳ ವಿಳಾಸಕ್ಕೆ ಬರುತ್ತಿತ್ತು. ಅಲ್ಲಿಯ ಮಾರಾಟಗಾರ ಪೆಟ್ಟಿಗೆಯ ಮೇಲೆ ‘ಪ್ಲಾಸ್ಟಿಕ್ ಹೂವು’ ಎಂದು ಬರೆದು ಕಳಿಸುತ್ತಿದ್ದ. ಪರ್ಮಿಟ್ಟಿಲ್ಲ, ತಪಾಸಣೆಯಿಲ್ಲ. ಒಳಗೆ ಮಣ್ಣು ತೊಳೆದ ಬೇರಿಗೆ ಒದ್ದೆ ಪಾಚಿ ಸುತ್ತಿಸಿಕೊಂಡು ಗಿಡಗಳು ಉಸಿರುಗಟ್ಟಿ ಮಲಗಿರುತ್ತಿದ್ದವು.

ಅದು ತಪ್ಪೆಂದು ಅವಳಿಗೆ ಗೊತ್ತಿತ್ತು. ಬೇರಿನ ಸಂದಿಯಲ್ಲಿ ಪರದೇಶದ ಯಾವ ಹುಳ ಬಂದು ಇಲ್ಲಿಯ ಹೊಲಗಳಿಗೆ ಇಳಿಯುತ್ತದೋ ಎಂಬ ಹೆದರಿಕೆಯೂ ಇತ್ತು. ಅದಕ್ಕೇ ಪ್ರತಿ ಕುಂಡದಲ್ಲೂ ಪಾಚಿಯ ಕೆಳಗೆ ಹುಳ ಸಾಯುವ ಔಷಧಿಯ ಕಾಳು ಹಾಕುತ್ತಿದ್ದಳು. ನೀರು ಹಾಕಿದಾಗೆಲ್ಲ ಅದು ಚೂರುಚೂರೇ ಕರಗುತ್ತ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಗಿಡ ಕೊಡುವಾಗ ತಪ್ಪದೆ ಎಲ್ಲರಿಗೂ ಹೇಳುತ್ತಿದ್ದಳು, ಕುಂಡದಿಂದ ಸೋರುವ ನೀರು ದನಕರುವಿಗೆ, ಕೋಳಿಗೆ ಸಿಗಬಾರದು ಎಂದು.

ಅವತ್ತು ಹೇಳಲಿಲ್ಲ.

ಗೋಪಿ ತನ್ನ ಆಂಥೂರಿಯಂ ಗಿಡವನ್ನು ಎತ್ತಿಕೊಂಡ. ಮಖಮಲ್ಲಿನಂಥ ಕಪ್ಪು ಹಸಿರು ಎಲೆ, ಅದರ ತುಂಬ ಬೆಳ್ಳಿಯ ನರ. ಎಲೆ ನೋಡುವ ನೆಪದಲ್ಲಿ ಅವನ ಕಣ್ಣು ಅಂಚು ದಾಟಿ ಅವಳ ಮೇಲೆ ಬಂತು, ಸಿಕ್ಕಿಬಿದ್ದು ಮತ್ತೆ ಎಲೆಗೆ ಓಡಿತು.

“ಏನ್ ನೋಡಾಕತ್ತೀರಿ?”

“ಗಿಡ.”

“ಗಿಡ ನಿಮ್ಮ ಕೈಯಾಗೈತಿ. ಕಣ್ಣು ಎಲ್ಲೋ ಐತಿ.”

ಅವನ ಕಿವಿ ಕೆಂಪಗಾಯಿತು. ಇಬ್ಬರೂ ಒಟ್ಟಿಗೆ ನಕ್ಕರು. ಆ ನಗುವಿನಲ್ಲಿ ಅವಳಿಗೆ ಹೇಳಬೇಕಾದ ಮಾತು ಮರೆತೇಹೋಯಿತು.

ಆಮೇಲೆ ಫೋನು ಶುರುವಾಯಿತು. ಗಿಡದ ಯೋಗಕ್ಷೇಮ ಒಂದು ಮಾತು, ಉಳಿದದ್ದೆಲ್ಲ ಗಿಡಕ್ಕೆ ಸಂಬಂಧವಿಲ್ಲದ್ದು. ಅವನು ‘ಸಿರಿ’ ಎಂದು ಕರೆಯತೊಡಗಿದ. ಅವಳಿಗೆ ಮಾತ್ರ ‘ನೀವು’ ಬಿಡಲು ನಾಲಿಗೆ ಏಳಲಿಲ್ಲ. ಮಡಕಶಿರಾ ಸೀಮೆಯ ಅಗಳಿಯ ಹತ್ತಿರ ಅವನ ಹಳ್ಳಿ, ಹಿಪ್ಪುನೇರಳೆ ತೋಟ. ತಾಯಿ ತಿಪ್ಪಮ್ಮ ರೇಷ್ಮೆ ಹುಳ ಮೇಯಿಸುವುದರಲ್ಲಿ ಪಳಗಿದ ಕೈ. ಮದುವೆಯ ಮಾತೆತ್ತಿದಾಗ, ಜಾತಿ ಬೇರೆಯೆಂದು ಆಕೆ ಮೊದಲು ಮುಖ ತಿರುಗಿಸಿದಳು. ಬನಶಂಕರಮ್ಮನೂ ಕಣ್ಣೀರು ಹಾಕಿದಳು. ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಇಬ್ಬರು ತಾಯಂದಿರೂ ಸೋತಿದ್ದರು. “ಕರ್ಕೊಂಡ್ ಬಾ, ನೋಡಾನ” ಎಂದಳಂತೆ ತಿಪ್ಪಮ್ಮ.

ನೋಡಲು ಹೋದ ದಿನ ತಿಪ್ಪಮ್ಮ ಶಿರಿಷಾಳನ್ನು ನೇರವಾಗಿ ಹುಳದ ಮನೆಯ ಹೊಸಿಲಿಗೆ ಕರೆದೊಯ್ದಳು. ಅಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆಯಿತ್ತು.

“ಹೊರಗಿನೋರ್ನ ಒಳಕ್ಕೆ ಬಿಡಲ್ಲ ಕಣಮ್ಮ ನಾವು. ನೀನು ಹೊರಗಿನೋಳಲ್ಲ ಅಂತ ಬಿಡ್ತಾ ಇದೀನಿ. ಕಾಲು ಅದ್ದು.”

ಶಿರಿಷಾಳ ಎದೆ ತುಂಬಿ ಬಂತು. ಒಳಗೆ ಒದ್ದೆ ಗೋಣಿಚೀಲಗಳ ತಂಪು, ಅರೆಗತ್ತಲು. ಹಂತ ಹಂತವಾಗಿ ಕಟ್ಟಿದ ತಡಿಕೆಗಳ ಮೇಲೆ ಸಾವಿರಾರು ಹುಳ ಸೊಪ್ಪು ಮೇಯುತ್ತಿದ್ದವು, ಮಾಡಿನ ಮೇಲೆ ತುಂತುರು ಬಿದ್ದ ಹಾಗೆ ಸದ್ದು.

“ನಾಕನೇ ಜ್ವರ ಎದ್ದವೆ, ಪೊರೆ ಬಿಟ್ಟಾಯ್ತು. ಇನ್ನು ತಿನ್ನೋದೇ ಕೆಲಸ, ಆಮೇಲೆ ಗೂಡು. ಈ ಗೂಡು ಮಾರಿದ ಮೇಲೆ ಮಾತುಕತೆಗೆ ನಿಮ್ಮೂರಿಗೆ ಬತ್ತೀವಿ,” ಎಂದ ತಿಪ್ಪಮ್ಮ ಪಕ್ಕದ ಕೋಣೆಯಿಂದ ಬೊಗಸೆ ಸೊಪ್ಪು ತಂದು ಅವಳ ಕೈಗಿಟ್ಟಳು. “ತಗೋ, ನೀನೇ ಹಾಕು.”

ಶಿರಿಷಾ ಮಕ್ಕಳಿಗೆ ಉಣಿಸುವಷ್ಟು ಜೋಪಾನವಾಗಿ ಸೊಪ್ಪು ಹರಡಿದಳು.

ಹೊರಗೆ ಬಂದ ಮೇಲೆ ಗೋಪಿಯನ್ನು ಮೆಲ್ಲಗೆ ಕೇಳಿದಳು. “ನಮ್ಮ ಗಿಡ ಎಲ್ರಿ? ಬಿಸಿಲಿಗೆ ಬಾಡೇತಿ ಅಂತಿದ್ರಿ.”

“ತಂಪಾದ ಜಾಗದಲ್ಲೈತೆ. ಮದ್ವೆ ಆದ್ಮೇಲೆ ತೋರಿಸ್ತೀನಿ.”

ಹೋಗುವಾಗ ತಿಪ್ಪಮ್ಮ ಅವಳ ಕೈಗೆ ಬಳೆ ತೊಡಿಸಿದಳು.

ಮರುದಿನದಿಂದ ಗೋಪಿ ಫೋನ್ ಎತ್ತಲಿಲ್ಲ. ವಾರದ ಮೇಲೆ ಎತ್ತಿದಾಗ ಅವನ ದನಿಯೇ ಗುರುತು ಸಿಗಲಿಲ್ಲ. ಹುಳಗಳು ತಲೆ ಒದ್ದಾಡಿಸಿ, ಹಸಿರು ರಸ ಕಕ್ಕಿ ಸತ್ತಿದ್ದವು. ಒಂದು ತಡಿಕೆಯೂ ಉಳಿಯಲಿಲ್ಲ. ತಿಪ್ಪಮ್ಮ ಗುಂಡಿ ತೋಡಿ, ಮಂಕರಿಯಲ್ಲಿ ಹೊತ್ತು ಹಾಕಿ, ಅದರ ಅಂಚಿನಲ್ಲೇ ಕೂತು ಅತ್ತಿದ್ದಳು.

“ಏನಾಗಿತ್ತಂತ್ರಿ?”

“ಗೊತ್ತಿಲ್ಲ. ಅಮ್ಮ... ನಿನ್ ಕಾಲ್ಗುಣ ಅಂತಾ ಅವ್ಳೆ. ಊರೋರೂ ಅಂಗೇ ಅಂತಾರೆ.”

“ನೀವೇನಂದ್ರಿ?”

“ಸಿಟ್ಟು ಇಳೀಲಿ ಸಿರಿ.”

ಶಿರಿಷಾ ಕುಗ್ಗಿಹೋದಳು. ಮೆಷಿನ್ ತುಳಿಯುವಾಗ ಕಣ್ಣು ತನ್ನ ಪಾದಗಳ ಮೇಲೆಯೇ. ಇಂಥದ್ದನ್ನೆಲ್ಲ ನಂಬುವವಳಲ್ಲ ಅವಳು. ಆದರೂ ನೆರೆಮನೆಯವರು ಮಗುವಿನ ನಾಮಕರಣಕ್ಕೆ ಕರೆದರೆ ಹೋಗಲು ಕಾಲು ಬರಲಿಲ್ಲ. ಯಾರಿಗೆ ಗೊತ್ತು, ಇದ್ದರೂ ಇರಬಹುದು ಎಂದು ಮನಸ್ಸು ಒಳಗೇ ಕೊರೆಯುತ್ತಿತ್ತು. ಬನಶಂಕರಮ್ಮ ಬಳೆ ಬಿಚ್ಚಿ ವಾಪಸ್ ಕಳಿಸು ಎಂದಳು. ಅವಳು ಬಿಚ್ಚಲಿಲ್ಲ.

ಬೇಸಿಗೆ ಮುಗಿಯುವಾಗ ತಿಪ್ಪಮ್ಮನೇ ಫೋನ್ ಮಾಡಿದಳು. “ಹುಡುಗ ಅನ್ನ ಬಿಟ್ಟವ್ನೆ ಕಣಮ್ಮ. ನಮ್ಮ ಪಕ್ಕದ ಹೇಮಾವತಿ ಊರಿಗೆ ಬಾ. ಸಿದ್ದೇಶ್ವರನ ಹತ್ರ ನಿನ್ ಕಾಲು ತೊಳ್ದು ಪೂಜೆ ಮಾಡಿಸ್ತೀನಿ, ದೋಷ ಕಳೀತದೆ. ಆಮೇಲೆ ಮದ್ವೆ ಮಾತು.”

ಶಿರಿಷಾ ಖುಷಿಯಿಂದ ಹೋದಳು. ತನ್ನಲ್ಲಿಲ್ಲದ ದೋಷವನ್ನು ತೊಳೆಸಿಕೊಳ್ಳಲು ಹೊರಟಿದ್ದೇನೆ ಎಂಬ ನಾಚಿಕೆಯನ್ನು ಆ ಖುಷಿಯೇ ಮುಚ್ಚಿಹಾಕಿತ್ತು.

ತಿಪ್ಪಮ್ಮ ಚೊಂಬು ಹಿಡಿದು ನೀರಿಗೆ ಹೋದಳು. ಗುಡಿಯ ಅಂಗಳದ ಕಲ್ಲುಕಂಬದ ನೆರಳಲ್ಲಿ ಗೋಪಿ ಶಿರಿಷಾಳ ಪಕ್ಕ ಕೂತ. ಕೆನ್ನೆ ಒಳಸರಿದಿತ್ತು. ಬಟ್ಟೆಚೀಲದಿಂದ ಆಂಥೂರಿಯಂ ಹೊರತೆಗೆದ. ಹೊಸ ಎಲೆಯೊಂದು ತಾಮ್ರದ ಬಣ್ಣದಲ್ಲಿ ಸುರುಳಿ ಬಿಚ್ಚುತ್ತಿತ್ತು.

“ಅಯ್ಯ, ಎಷ್ಟ್ ಚಂದಾಗೈತಿ! ಇಂಥಾ ಬಿಸಿಲಾಗ ಹೆಂಗ ಉಳಿಸಿದ್ರಿ?”

ಗೋಪಿ ಕುಂಡವನ್ನು ಕಂಬದ ಬುಡಕ್ಕೆ ಇಟ್ಟ.

“ಹೇಳ್ರಿ, ಎಲ್ಲಿಟ್ಟಿದ್ರಿ?”

“ನೀನ್ ಬರೋ ದಿನ ಬೆಳಿಗ್ಗೆ... ಗಿಡ ಒಣಗ್ತಿತ್ತು. ನಮ್ಮ ಮನೇಲಿ ತಂಪಿರೋದು ಹುಳಕ್ಕೆ ಮಾತ್ರ. ಅಮ್ಮಂಗೆ ಗೊತ್ತಾಗ್ದಂಗೆ ಸೊಪ್ಪಿನ ಕೋಣೇಲಿ ಮೇಲೆ ಜಂತಿ ಮರೇಲಿ ತೂಗುಹಾಕ್ದೆ. ನೀರು ಹಾಕ್ದೆ.”

“ಕೆಳಗೇನಿತ್ತು?”

“ಸೊಪ್ಪಿನ ರಾಶಿ.”

ಬೊಗಸೆಯಲ್ಲಿ ಹಿಡಿದಿದ್ದ ಆ ಸೊಪ್ಪು ಒದ್ದೆಯಾಗಿತ್ತು. ಶಿರಿಷಾಗೆ ಈಗ ನೆನಪಾಯಿತು.

“ಪಾಚಿ ಕೆಳಗ ಔಷಧಿ ಐತ್ರಿ,” ಎಂದಳು. “ನಾನ ಹಾಕೀನಿ. ನಿಮಗ ಹೇಳಾದು ಮರತೆ.”

“ಗೊತ್ತು.”

“ಗೊತ್ತಾ?”

“ಹುಳ ಸತ್ತ ಮಾರನೇ ದಿನ ಪಾಚಿ ಎತ್ತಿ ನೋಡ್ದೆ. ಕಾಳು ಕಂಡ್ವು.” ಅವನು ಅವಳ ಕೈ ಹಿಡಿಯಲು ಬಂದ. “ಹೇಳಿದ್ರೆ ಅಮ್ಮ ನಿನ್ನ ಹೊಸಿಲಿಗೂ ಸೇರಿಸ್ತಿರ್ಲಿಲ್ಲ. ಕಾಲ್ಗುಣಕ್ಕೆ ಪೂಜೆ ಐತೆ ಸಿರಿ, ಇದಕ್ಕೇನೈತೆ? ಸುಮ್ನಿದ್ಬಿಡು. ಇನ್ನೊಂದ್ ಗಳಿಗೆ, ಎಲ್ಲಾ ಸರಿಹೋಗ್ತದೆ.”

ಅಷ್ಟರಲ್ಲಿ ತಿಪ್ಪಮ್ಮ ಬಂದಳು. ಅರಿಶಿನದ ನೀರಿನ ಚೊಂಬು ಕೆಳಗಿಟ್ಟು, ಮಂಡಿನೋವಿಗೆ “ಅಪ್ಪಾ” ಎನ್ನುತ್ತ ಕುಕ್ಕರಗಾಲಲ್ಲಿ ಕೂತು, ಸೊಸೆಯಾಗುವವಳ ಪಾದವನ್ನು ಕೈಗೆತ್ತಿಕೊಂಡಳು. ದುಡಿದು ಒರಟಾದ, ಬೆಚ್ಚನೆಯ ಕೈ. ಶಿರಿಷಾಗೆ ಆ ಕೈ ಬೇಕಿತ್ತು. ಆ ಮನೆ ಬೇಕಿತ್ತು, ಪಕ್ಕದಲ್ಲಿ ತಲೆತಗ್ಗಿಸಿ ಕೂತವನಂತೂ ಬೇಕೇ ಬೇಕಿತ್ತು. ಬಾಯಿ ಮುಚ್ಚಿಕೊಂಡರೆ ಸಾಕು, ಎಲ್ಲವೂ ಸಿಗುತ್ತಿತ್ತು.

ಪಾದ ಹಿಂದಕ್ಕೆ ಎಳೆದುಕೊಂಡಳು.

“ಅತ್ತಿ, ತೊಳೀಬ್ಯಾಡ್ರಿ. ನನ್ನ ಕಾಲಿಂದ ಆಗಿದ್ದಲ್ಲ ಇದು.”

ಎಲ್ಲವನ್ನೂ ಹೇಳಿದಳು. ಸುಳ್ಳು ಹೆಸರಿನ ಪೆಟ್ಟಿಗೆ, ಔಷಧಿಯ ಕಾಳು, ಮರೆತ ಮಾತು. ತಿಪ್ಪಮ್ಮ ಕೇಳುತ್ತ ಕೇಳುತ್ತ ಕಲ್ಲಿನ ಮೇಲೆ ಕುಸಿದು ಕೂತಳು. ಆಮೇಲೆ ಮಗನ ಕಡೆ ತಿರುಗಿದಳು.

“ನಿಂಗೆ ಗೊತ್ತಿತ್ತೇನ್ಲಾ?”

ಗೋಪಿ ತಲೆತಗ್ಗಿಸಿಯೇ ಹೂಂಗುಟ್ಟಿದ.

“ಇವ್ಳ ಕಾಲು ಕೆಟ್ಟದ್ದು ಅಂತ ಊರ್ ತುಂಬಾ ಸಾರ್ಕೊಂಡ್ ಬಂದ್ನಲ್ಲೋ ನಾನು. ಪಕ್ಕದಲ್ಲೇ ನಿಂತ್ಕೊಂಡ್ ಕೇಳ್ತಿದ್ಯಲ್ಲೋ.” ತಿಪ್ಪಮ್ಮ ಚೊಂಬಿನ ನೀರನ್ನು ಅಲ್ಲೇ ಅಂಗಳದ ಗಿಡವೊಂದರ ಬುಡಕ್ಕೆ ಚೆಲ್ಲಿ ಎದ್ದಳು. ಶಿರಿಷಾಳ ತಲೆ ಮೇಲೆ ಒಂದು ಸಲ ಕೈಯಿಟ್ಟಳು. ಅದು ಕ್ಷಮೆಯೋ ವಿದಾಯವೋ ತಿಳಿಯಲಿಲ್ಲ. “ಇವತ್ತು ಮನೇಗ್ ಹೋಗು ತಾಯಿ. ನನ್ ಹೊಟ್ಟೆ ಇನ್ನೂ ಉರೀತೈತೆ,” ಎಂದು ಗುಡಿಯೊಳಗೆ ನಡೆದಳು.

ಮಡಕಶಿರಾ ಬಸ್ಸು ಬಂದಾಗ ಗೋಪಿ ಕಿಟಕಿಯ ಕೆಳಗೆ ಬಂದು ನಿಂತ.

“ಪ್ರೀತೀಲಿ ಸುಳ್ಳಿರ್ಲಿಲ್ಲ ಸಿರಿ.”

“ಗೊತ್ತೈತ್ರಿ. ನನ್ನ ಪ್ರೀತ್ಯಾಗೂ ಇಲ್ಲ.” ಕಣ್ಣೀರು ಒರೆಸಿಕೊಳ್ಳಲಿಲ್ಲ ಅವಳು. “ಆದ್ರ ನಾಳೆ ನಿಮ್ಮ ಮನ್ಯಾಗ ಹಾಲು ಒಡದ್ರೂ ನನ್ನ ಕಾಲಿಗೇ ಬರ್ತೈತಿ. ನೀವು ಸಿಟ್ಟು ಇಳೀಲಿ ಅಂತ ಕಾಯ್ಕೋತ ಇರ್ತೀರಿ. ಅಂಥಾ ಮನ್ಯಾಗ ನಾ ಹೆಂಗ ಬಾಳ್ಲಿ?”

ಬಳೆ ಬಿಚ್ಚಿ ಅವನ ಅಂಗೈಗಿಟ್ಟಳು. ಅವನು ಚೀಲವನ್ನು ಕಿಟಕಿಗೆ ಎತ್ತಿದ. “ಇದನ್ನಾದ್ರೂ ತಗೊಂಡ್ ಹೋಗು.”

“ಬ್ಯಾಡ್ರಿ. ನೀವ ಉಳಿಸೀರಿ, ನೀವ ಇಟ್ಕೊಳ್ರಿ. ಪಾಚಿ ತೆಗದು ಆಳದಾಗ ಹೂಳ್ರಿ. ಕುಂಡದಿಂದ ಸೋರೋ ನೀರು ದನಕರುಗೆ, ಕೋಳಿಗೆ ಸಿಗಬಾರ್ದು. ಮುಟ್ಟಿದ ಮ್ಯಾಲೆ ಕೈ ತೊಳ್ಕೊಳ್ರಿ.”

ಪ್ರತಿ ಮಾತಿಗೂ ಅವನು ಮಗುವಿನ ಹಾಗೆ ತಲೆಯಾಡಿಸಿದ. ಬಸ್ಸು ಅಲುಗಿತು. ಅವನು ಕಿಟಕಿ ಹಿಡಿದು ಜೊತೆಗೇ ನಡೆದ.

“ಅವತ್ತೇ ಯಾಕೆ ಹೇಳ್ಲಿಲ್ಲ ಸಿರಿ?”

“ಅವತ್ತು ನೀವು ನನ್ನ ನೋಡಾಕತ್ತಿದ್ರಿ,” ಎಂದಳು.

ಬಸ್ಸು ವೇಗ ಹಿಡಿದಾಗ ಅವನ ಕೈ ಕಿಟಕಿಯಿಂದ ಕಳಚಿಕೊಂಡಿತು. ಶಿರಿಷಾ ತಿರುವು ಬರುವ ತನಕ ಹಿಂದೆ ನೋಡುತ್ತಲೇ ಇದ್ದಳು.