ಹೊಂದದ ಚಾರ್ಜರ್ ಪಿನ್ನು

ಹಾಸಿಗೆ ಸುಟ್ಟು ಹೋಗಿತ್ತು. ಗೋಡೆ ಕಪ್ಪಾಗಿತ್ತು. ಮಲಗಿದ್ದ ವೀರೇಶ್ ಬದುಕಿದ್ದ. ಅವನನ್ನು ಆಗಲೇ ಹೊಸಪೇಟೆಯ ಆಸ್ಪತ್ರೆಗೆ ಒಯ್ದಿದ್ದರು.

ಚಿತ್ತವಾಡ್ಗಿಯ ಆ ಒಂಟಿ ಕೋಣೆಯ ಬಾಗಿಲಿಗೆ ಪಿಎಸ್‌ಐ ಗಂಗಾಂಬಿಕಾ ಒರಗಿ ನಿಂತರು. ಹಂಪಿಯ ಬಂದೋಬಸ್ತ್ ಮುಗಿಸಿ ಬಂದ ಕಾಲುಗಳು ಸೋತಿದ್ದವು.

"ರಾಂಗ್ ಚಾರ್ಜರ್, ಮೇಡಂ." ಹೆಡ್ ಕಾನ್‌ಸ್ಟೇಬಲ್ ಹೊನ್ನೂರಸ್ವಾಮಿ ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮೊಂದನ್ನು ತೋರಿಸಿದ. ಅರ್ಧ ಕರಗಿತ್ತು. ಪಕ್ಕದಲ್ಲಿ ಲ್ಯಾಪ್‌ಟಾಪ್ ಚಾರ್ಜರಿನ ವೈರು. ಅದರ ತುದಿ ಪ್ಲಾಸ್ಟಿಕ್ ಉಂಡೆಯಾಗಿತ್ತು.

ಸಂಡೂರಿನ ಗಣಿಯಲ್ಲಿ ಟಿಪ್ಪರ್ ಉರುಳಿ ವೀರೇಶನಿಗೆ ಸೊಂಟದ ಕೆಳಗೆ ಸ್ವಾಧೀನ ಹೋಗಿ ಮೂರು ವರ್ಷ. ಅಂದಿನಿಂದ ಅವನಿಗೆ ಆ ಗೇಮೇ ಗೆಳೆಯ.

"ಇವನಣ್ಣ ಹಾಲೇಶನ ಬೆಂಕ್ಯಾಗ ನುಗ್ಗಿ ತಮ್ಮನ್ನ ಹೊರಗ ಎಳಕೊಂಡು ಬಂದಾನ್ರಿ," ಎಂದಳು ಪಕ್ಕದ ಮನೆಯ ಮುದುಕಮ್ಮ. "ಅಂಥಾ ಅಣ್ಣ ಸಿಗೋದಿಲ್ಲ."

ಹೊರಗೆ ಕೂತಿದ್ದ ಹಾಲೇಶನ ಎರಡೂ ಅಂಗೈಗೆ ಬ್ಯಾಂಡೇಜು. "ಚಾರ್ಜರ್ ವೆಂಕಟೇಶನ ಅಂಗಡ್ಯಾಗ ತಂದದ್ರಿ. ಎಲ್ಲಾದಕ್ಕೂ ನಡಿತೈತಿ ಅಂದಿದ್ದ."

* * *

ರಿಪೇರಿ ಅಂಗಡಿಯ ವೆಂಕಟೇಶ್ ಬೆವರಿದ. "ನಾ ಹಂಗ ಅಂದಿಲ್ರಿ. ಹಾಲೇಶ ಗೇಮು ತೋರಿಸ್ದೇ ಚಾರ್ಜರ್ ಒಯ್ದ; ಗೇಮಿಗೆ ಲ್ಯಾಪ್‌ಟಾಪಿಂದು ಹಾಕಿದ್ರ ಸುಡತೈತಿ ಅಂತ ಅವಗ ಹೇಳಿ ಕಳಿಸೀನಿ."

ಗಂಗಾಂಬಿಕಾ ವೈರನ್ನೂ ಗೇಮನ್ನೂ ಮೇಜಿನ ಮೇಲಿಟ್ಟರು. ಅವನು ಕರಗಿದ ಪ್ಲಾಸ್ಟಿಕ್ಕನ್ನು ಕೆರೆದು ತೆಗೆದ. ಒಳಗೆ ದಪ್ಪನೆಯ ಗುಂಡು ಪಿನ್ನು.

"ಇದು ಈ ಗೇಮಿಗೆ ಹೋಗೂದ ಇಲ್ರಿ. ಇದರ ತೂತು ಚಪ್ಪಟಿ." ಗೇಮಿನ ಹಿಂಬದಿಯ ಮುಚ್ಚಳ ಬಿಚ್ಚಿದ. "ಬ್ಯಾಟರಿನೂ ಸಿಡಿದಿಲ್ಲ. ಹೊರಗಿಂದ ಸುಟ್ಟೈತಿ."

* * *

ಆಸ್ಪತ್ರೆಯಲ್ಲಿ ವೀರೇಶ್ ಚಾವಣಿ ನೋಡುತ್ತ ಹೇಳಿದ, "ನಾನ ಚಾರ್ಜರ್ ಹಚ್ಚಿದ್ನಿ. ತಪ್ಪು ನಂದು. ಬರ್ಕೊಳ್ರಿ."

"ಸ್ವಿಚ್ ಬಾಗಿಲ ಹತ್ರ ಐತಿ, ವೀರೇಶ್. ಎದ್ದು ಹೋಗಿದ್ಯಾ?"

ಅವನು ಕಣ್ಣು ಮುಚ್ಚಿಕೊಂಡ. "ಮೂರು ವರ್ಷ ನನ್ನ ಎತ್ತಿ ಇಳಿಸ್ಯಾನ್ರಿ. ಬಿಟ್ಟುಬಿಡ್ರಿ ಅವನ್ನ."

ಗಂಗಾಂಬಿಕಾ ಹೊರಗೆ ಬಂದು ಹಾಲೇಶ್ ಕೂತಿದ್ದ ಬೆಂಚಿನ ಮೇಲೆ ಕೂತರು.

"ಪಿನ್ನು ಹೋಗದ ಚಾರ್ಜರ್‌ನಿಂದ ಬೆಂಕಿ ಬರೂದಿಲ್ಲಪ್ಪ. ಅದನ್ನ ಯಾರೋ ತಂದು ಬಗಲಾಗ ಇಟ್ಟು, ಸ್ವಿಚ್ ಹಾಕಿ, ಹಾಸಿಗಿಗೆ ಬೆಂಕಿ ಹಚ್ಚ್ಯಾರ. ಹಿಂಗ ಮಾಡಿದ್ರ ಸುಡತೈತಿ ಅಂತ ಅಂಗಡ್ಯಾಗ ಕೇಳಿದವ ನೀನೊಬ್ಬನ. ನಿನ್ನ ಉಳಿಸಾಕ ತಮ್ಮ ಸುಳ್ಳು ಹೇಳಾಕತ್ಯಾನ."

ಹಾಲೇಶ್ ಬ್ಯಾಂಡೇಜು ನೋಡಿಕೊಂಡ. "ಬೆಂಕಿ ಹಚ್ಚಿ ಓಣಿ ತಿರುವಿನ ತನಕ ಹೋಗಿದ್ನಿ. ಒಳಗಿಂದ 'ಅಣ್ಣಾ' ಅಂತ ಕೂಗಿದ. ಮುಂದ ಕಾಲು ಏಳಲಿಲ್ರಿ, ತಿರುಗಿ ಓಡಿ ಬಂದ್ನಿ."

"ಯಾಕ ಮಾಡಿದಿ?"

"ದಣಿದಿದ್ನಿ, ಮೇಡಂ. ಭಾಳ ದಣಿದಿದ್ನಿ."

ಗಂಗಾಂಬಿಕಾಗೆ ಬಯ್ಯುವ ಶಕ್ತಿಯೂ ಇರಲಿಲ್ಲ. ಹೊನ್ನೂರಸ್ವಾಮಿಗೆ ಕಣ್ಸನ್ನೆ ಮಾಡಿದರು. ಜೀಪು ಹತ್ತುವಾಗ ಹಾಲೇಶ್ ತಿರುಗಿ ನಿಂತ.

"ಎರಡು ತಾಸಿಗೊಮ್ಮೆ ಅವನ ಮಗ್ಗಲು ಹೊರಳಿಸಬೇಕ್ರಿ. ಇಲ್ಲಾಂದ್ರ ಬೆನ್ನು ಹುಣ್ಣಾಗತೈತಿ. ನರ್ಸಮ್ಮಗ ಹೇಳ್ರಿ."