ಹೂಂ ಅನ್ನದ ಕೇತಲೆ

ಬಹಳ ಬಹಳ ಹಿಂದೆ, ಮನುಷ್ಯರ ಜಗಳದಲ್ಲಿ ಕಾಗೆಗಳೂ ಬಾಯಿ ಹಾಕುತ್ತಿದ್ದ ಕಾಲದಲ್ಲಿ, ಹೊಂಗೆರೆ ಅಂತ ಒಂದು ರಾಜ್ಯವಿತ್ತು. ಸಿರಿಮಾರ ಅನ್ನುವವನು ಅಲ್ಲಿಯ ದೊರೆ. ಒಳ್ಳೆಯವನೇ, ಆದರೆ ವಿಪರೀತ ಕತೆಯ ಹುಚ್ಚು. ಊಟ ಬಿಟ್ಟಾನು, ಕತೆ ಬಿಡಲಾರ. ಕತೆ ಕೇಳುವುದಕ್ಕೆಂದೇ ಅರಮನೆಯ ನಡುವೆ ದೊಡ್ಡ ಚಾವಡಿಯೊಂದನ್ನು ಕಟ್ಟಿಸಿದ್ದ.

ಕತೆ ಹೇಳುವಾಗ ಎದುರಿಗೆ ಒಬ್ಬರು ಕೂತು ಹೂಂಗುಟ್ಟಬೇಕು. ನಿಮ್ಮ ಮನೆಯಲ್ಲೂ ಅಷ್ಟೇ ತಾನೆ? ನಿಮ್ಮ ಹೂಂ ನಿಂತರೆ ಅಜ್ಜಿಯ ಬಾಯಿಯೂ ನಿಂತಿತು. ಹೊಂಗೆರೆಯಲ್ಲಿ ಇದು ಬರೀ ರೂಢಿಯಲ್ಲ, ಕಟ್ಟಳೆ. ಹೂಂ ಅಂದರೆ 'ಒಪ್ಪಿದೆ, ಮುಂದೆ ಹೇಳು' ಅಂತ. ಒಪ್ಪಿಗೆಯಾಗದಿದ್ದರೆ ಪ್ರಶ್ನೆ ಕೇಳಬಹುದು. ಮೂರು ಪ್ರಶ್ನೆಗೆ ಉತ್ತರ ಕೊಡಲಾರದೆ ತಡವರಿಸಿದವನ ಕೈಯಿಂದ ಕತೆ ಜಾರಿ, ಕೇಳಿದವರ ಕೈ ಸೇರುತ್ತದೆ. ಆದರೆ ಚಾವಡಿಯಲ್ಲಿ ಹೂಂ ಅನ್ನುವ ಕೆಲಸ ನೀಲಬ್ಬೆಯದು. ನೀಲಬ್ಬೆ ತಣ್ಣನೆಯ ಹುಡುಗಿ. ಕಾಗೆ ಬೆಳ್ಳಗಿತ್ತು ಅಂದರೂ ಹೂಂ, ಆನೆ ಮೊಟ್ಟೆ ಇಟ್ಟಿತು ಅಂದರೂ ಹೂಂ.

ಅವಳ ತಂಗಿಯೇ ಕೇತಲೆ. ಅಬ್ಬಾ, ಅಕ್ಕ ತಂಗಿ ಅಂತ ಹೇಳಿದರೆ ಯಾರೂ ನಂಬುತ್ತಿರಲಿಲ್ಲ! ತಾಯಿ ತಂದೆ ಇಲ್ಲದ ಮಗುವನ್ನು ನೀಲಬ್ಬೆಯೇ ಎತ್ತಿ ಆಡಿಸಿ, ಅಕ್ಷರ ಕಲಿಸಿ, ಅರಮನೆಯ ಪುಸ್ತಕ ಭಂಡಾರದಲ್ಲಿ ಬಿಟ್ಟಿದ್ದಳು. ಕೇತಲೆ ಅಲ್ಲಿದ್ದ ಮಾಯೆಯ ಕತೆ, ಮಂತ್ರದ ಕತೆ, ಹಳೆಯ ಕತೆಯನ್ನು ಹೊಸದಾಗಿ ಹೇಳಿದ ಕತೆ, ಎಲ್ಲವನ್ನೂ ಗೆದ್ದಲಿಗಿಂತ ಮೊದಲು ತಾನೇ ತಿಂದು ಮುಗಿಸಿದ್ದಳು. ಓದಿದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಪ್ರತಿಯೊಂದರ ಬಗ್ಗೆಯೂ ಅವಳದೊಂದು ಅಭಿಪ್ರಾಯ.

"ಪ್ರಭು, ಏಳು ಸಮುದ್ರ ದಾಟಿ ಬಂದ ರಾಜಕುಮಾರನ ಬಟ್ಟೆ ಯಾಕೆ ಒದ್ದೆ ಆಗಿಲ್ಲ?" ಎಂದು ಒಂದು ದಿನ ಕತೆಯ ಮಧ್ಯೆ ಕೇಳಿಯೇಬಿಟ್ಟಳು. ಇನ್ನೊಂದು ದಿನ, "ಮಲತಾಯಿ ಅಂದ ಕೂಡಲೇ ವಿಷ ಹಾಕಲೇಬೇಕಾ? ನಮ್ಮ ಬೀದೀಲಿ ಇರೋ ಮಲತಾಯಿ ದಿನಾ ಮಗಳ ತಲೆ ಬಾಚ್ತಾಳೆ," ಅಂದಳು. ಕತೆಗಾರರು ಗಂಟು ಮೂಟೆ ಕಟ್ಟಿದರು. ದೊರೆ ಹಣೆ ಚಚ್ಚಿಕೊಂಡು, "ಭಂಡಾರದಲ್ಲಿ ಎಷ್ಟು ಬೇಕಾದರೂ ಓದಿಕೋ ತಾಯಿ. ಚಾವಡಿಗೆ ಮಾತ್ರ ಕಾಲಿಡಬೇಡ," ಎಂದು ಅಪ್ಪಣೆ ಮಾಡಿದ. ಕೇತಲೆ ಮೂಗು ಮುರಿದು ಹೋದಳು. ಭಂಡಾರದಲ್ಲಿ ಕೂತು ಅತ್ತಳು ಕೂಡ. ಇಲ್ಲ ಅಂತ ನಾನ್ಯಾಕೆ ಸುಳ್ಳು ಹೇಳಲಿ?

ಹೀಗಿರುವಾಗ ಒಂದು ಬೆಳಗ್ಗೆ ಮಧುಕಂಠ ಎಂಬ ಕತೆಗಾರ ಬಂದ. ರೇಷ್ಮೆ ರುಮಾಲು, ಕಿವಿಯಲ್ಲಿ ಕಡುಕು, ದನಿಯಲ್ಲಿ ಜೇನು. ಅವನು ಮಾಯಾವಿ ಅಂತ ಯಾರಿಗೆ ಗೊತ್ತು? ಅವನ ಕತೆಗೆ ಹೂಂ ಅಂದರೆ ಆಯಿತು, ಹೇಳಿದ್ದೆಲ್ಲ ನಿಜವಾಗುತ್ತಿತ್ತು.

"ಒಂದೂರಲ್ಲಿ ಒಬ್ಬ ದೊರೆ, ಅವನು ಪಂಜರದ ಗಿಳಿಯಾದ," ಅಂದ. ಹೂಂ, ಅಂದಳು ನೀಲಬ್ಬೆ. ಸಿರಿಮಾರ ಗಿಳಿಯಾದ. "ಅವನ ಮಂತ್ರಿಗಳು ಕಪ್ಪೆಗಳಾದರು." ಹೂಂ. ಚಾವಡಿಯ ತುಂಬ ಕಪ್ಪೆ. "ಅವನ ದಳಪತಿ ಹುಲಿಯಾಗಿ ಬಾಗಿಲು ಕಾದ." ನೀಲಬ್ಬೆ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಎಷ್ಟೋ ವರ್ಷದ ಅಭ್ಯಾಸ ನೋಡಿ, ಬಾಯಿ ತಾನಾಗಿಯೇ ಹೂಂ ಅಂದುಬಿಟ್ಟಿತು. "ಆ ಅರಮನೆಯಲ್ಲಿ ನೀಲಿಯೆಂಬ ಚೆಲುವೆ ಮಲಗಿದಳು, ಎಷ್ಟು ಕರೆದರೂ ಏಳಲಿಲ್ಲ." ಹೂಂ, ಅನ್ನುತ್ತಲೇ ನೀಲಬ್ಬೆ ಅಲ್ಲಿದ್ದ ದೊರೆಯ ಮಂಚದ ಮೇಲೆ ಒರಗಿದಳು.

ಮಧುಕಂಠ ಎದೆಯುಬ್ಬಿಸಿ ಮುಂದುವರಿಸಿದ. "ಆಗ ಮಧುಕಂಠನೆಂಬ ರಾಜಕುಮಾರ ಬಂದು ಅವಳ ಕೈ ಹಿಡಿದ. ಅವಳು ಎದ್ದು ಮಾಲೆ ಹಾಕಿದಳು. ರಾಜ್ಯವೆಲ್ಲ ಅವನದಾಯಿತು."

ಯಾರೂ ಹೂಂ ಅನ್ನಲಿಲ್ಲ. ಅನ್ನುವುದಕ್ಕೆ ಯಾರಿದ್ದಾರೆ? ಆತುರಗೇಡಿ, ಹೂಂಗುಟ್ಟುವವಳನ್ನೇ ಕತೆಯೊಳಗೆ ಹಾಕಿಬಿಟ್ಟಿದ್ದ. ಕಪ್ಪೆ ವಟಗುಟ್ಟಿದರೆ, ಗಿಳಿ ಕಿರುಚಿದರೆ, ಹುಲಿ ಗುರ್ರೆಂದರೆ ಅದು ಹೂಂ ಆಗುವುದಿಲ್ಲ, ಹೇಳುವವನೇ ಹೂಂ ಅಂದುಕೊಂಡರೂ ಆಗುವುದಿಲ್ಲ. ಅವನ ಮಾಯೆಯ ನಿಯಮ ಹಾಗೆ, ನಿಂತ ಕತೆ ಸಂಜೆಯೊಳಗೆ ಸಾಗದಿದ್ದರೆ ಒಳಗಿದ್ದವರೆಲ್ಲ ಕಲ್ಲಾಗುತ್ತಾರೆ. ರಾಜಕುಮಾರ ಅಂತ ತನ್ನ ಹೆಸರನ್ನೂ ಸೇರಿಸಿಕೊಂಡಿದ್ದನಲ್ಲ, ತಾನೂ ಕಲ್ಲೇ! ಮಧುಕಂಠನಿಗೆ ಬೆವರು ಕಿತ್ತುಕೊಂಡು ಬಂತು.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಹುಲಿಯನ್ನು ಬೈಯುತ್ತಿರುವ ಸದ್ದು ಕೇಳಿಸಿತು.

"ಸರಿಯೋ ಆಚೆ! ಅಕ್ಕ ಊಟಕ್ಕೆ ಬಂದಿಲ್ಲ, ನಾನು ಒಳಗೆ ಹೋಗಬೇಕು," ಎನ್ನುತ್ತಿದ್ದಳು ಕೇತಲೆ. ಹುಲಿ ಹಲ್ಲು ಕಿರಿಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಹುಲಿಯ ಕೊರಳಲ್ಲಿ ದಳಪತಿಯ ಮುದ್ರೆಯಿತ್ತು. ಮಾಯೆಯ ಕತೆಗಳನ್ನು ಅಷ್ಟೊಂದು ಓದಿದವಳಿಗೆ ಬೇರೆ ವಿವರಣೆ ಬೇಕೆ? ಹುಲಿಯ ಪಕ್ಕದಲ್ಲೇ ನುಸುಳಿ ಒಳಗೆ ಬಂದು, ಮಂಚದ ಮೇಲಿದ್ದ ಅಕ್ಕನನ್ನು ಕಂಡಳು. "ಅಕ್ಕಾ!" ಎಂದು ಭುಜ ಹಿಡಿದು ಅಲುಗಿಸಿದಳು. ನೀಲಬ್ಬೆ ಏಳಲಿಲ್ಲ.

"ಬಾ ಮಗು, ಬಾ," ಅಂದ ಮಧುಕಂಠ. ಸಂಜೆಯೊಳಗೆ ಕಲ್ಲಾಗುವ ಸಂಗತಿಯನ್ನೂ ಹೇಳಿದ. "ನಿನ್ನ ಅಕ್ಕ ಬದುಕಬೇಕಾದರೆ ಒಂದೇ ಒಂದು ಹೂಂ ಸಾಕು. ಕತೆ ಮುಗಿಯುತ್ತೆ, ಅವಳು ರಾಣಿಯಾಗ್ತಾಳೆ."

"ನಿಮ್ಮ ರಾಣಿಯಾ?"

"ಮತ್ತೆ?"

ಕೇತಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೂಂ ಅಂದರೆ ಅಕ್ಕ ಇವನ ಪಾಲು. ಅನ್ನದಿದ್ದರೆ ಅಕ್ಕ ಕಲ್ಲು. ಕಿಟಕಿಯಲ್ಲಿ ಬಿಸಿಲು ಆಗಲೇ ಇಳಿಯತೊಡಗಿತ್ತು. ಅವಳು ನೀಲಬ್ಬೆ ಕೂರುತ್ತಿದ್ದ ಮಣೆಯನ್ನು ಮಂಚದ ಪಕ್ಕಕ್ಕೆ ಎಳೆದು, ಚಕ್ಕಳಮಕ್ಕಳ ಹಾಕಿ ಕೂತು ಅಕ್ಕನ ಕೈ ಹಿಡಿದಳು. ಕಟ್ಟಳೆ ಅವಳಿಗೆ ಬಾಯಿಪಾಠ.

"ಹೇಳಿ ಸ್ವಾಮಿ. ಒಪ್ಪಿಗೆಯಾದರೆ ಹೂಂ ಅಂತೀನಿ."

ಮಧುಕಂಠ ಹಳೆಯ ಕತೆಯನ್ನೇ ಇನ್ನಷ್ಟು ಜೇನು ಸುರಿದು ಹೇಳಿದ. ರಾಜಕುಮಾರ ಬಂದ, ಮಲಗಿದ್ದ ಚೆಲುವೆಯನ್ನು ಕಂಡ, ಕಂಡ ಕೂಡಲೇ ಮನಸೋತ, ಕೈ ಹಿಡಿದ.

"ನಿಲ್ಲಿ ನಿಲ್ಲಿ," ಅಂದಳು ಕೇತಲೆ. "ಅವಳ ಒಂದು ಮಾತೂ ಕೇಳಿಲ್ಲ, ಮನಸೋತಿದ್ದು ಹೇಗೆ? ಅಕ್ಕ ಗೊರಕೆ ಹೊಡೀತಾಳೆ, ಗೊತ್ತಾ? ಹಾಗಲಕಾಯಿ ಅಂದ್ರೆ ಪ್ರಾಣ ಅವಳಿಗೆ, ದಿನಾ ಅದೇ ಪಲ್ಯ ಮಾಡ್ತಾಳೆ, ಗೊತ್ತಾ? ಅವಳಲ್ಲಿ ಅವನಿಗೆ ಇಷ್ಟವಾಗಿದ್ದು ಏನು, ಅಷ್ಟು ಹೇಳಿ."

"ರೂಪ..." ಎಂದ ಮಧುಕಂಠ.

"ಹಾಗಾದರೆ ಗೋಡೆ ಮೇಲಿನ ಚಿತ್ರವನ್ನೇ ಮದುವೆಯಾಗಬಹುದಿತ್ತಲ್ಲ!"

ಪಂಜರದಲ್ಲಿ ಗಿಳಿ ಕಿಸಕ್ಕೆಂದಿತು. ಮಧುಕಂಠ ರುಮಾಲು ಸರಿಪಡಿಸಿಕೊಂಡ. ಅವನ ದನಿಯಲ್ಲಿದ್ದ ಜೇನು ಸ್ವಲ್ಪ ಇಳಿಯಿತು. ಒಂದು ಪ್ರಶ್ನೆ ಗೆದ್ದಳು ಕೇತಲೆ.

"ಓಹೋ, ನಿನಗೆ ಹಳೇದು ಹಿಡಿಸಲ್ಲ. ಹೊಸದಾಗಿ ಹೇಳ್ತೀನಿ ಕೇಳು," ಎಂದು ಮಧುಕಂಠ ಚಪ್ಪಾಳೆ ತಟ್ಟಿದ. ಹೂಂ ಇಲ್ಲದೆ ಕತೆ ಸಾಗದಿದ್ದರೂ, ವೇಷ ತೊಡಿಸುವಷ್ಟು ಮಾಯೆ ಅವನಲ್ಲಿತ್ತು. ನೀಲಬ್ಬೆಯ ಮೈಮೇಲೆ ಕಬ್ಬಿಣದ ಕವಚ ಬಂತು, ಕೈಗೆ ಉದ್ದನೆಯ ಕತ್ತಿ ಬಂತು. "ಇವಳು ಎಲ್ಲರಂಥ ಹುಡುಗಿಯಲ್ಲ! ಮಿಕ್ಕವರೆಲ್ಲ ಹೂವು ಕಟ್ಟುವಾಗ ಇವಳು ಕತ್ತಿ ಝಳಪಿಸಿದಳು. ಮಿಂಚು ಅಂತ ಕತ್ತಿಯ ಹೆಸರು, ಕಾರ್ಮುಗಿಲು ಅಂತ ಕುದುರೆಯ ಹೆಸರು. ಇವಳಿಗಾಗಿ ಒಬ್ಬನಲ್ಲ, ಇಬ್ಬರು ರಾಜಕುಮಾರರು!" ಅನ್ನುತ್ತಿದ್ದಂತೆ ಹೊಗೆಯೊಳಗಿಂದ ಅವರು ಬಂದೇಬಿಟ್ಟರು. ಒಬ್ಬ ಬೆಳದಿಂಗಳ ಬಣ್ಣದವನು, ಇನ್ನೊಬ್ಬ ಕಾಡಿಗೆ ಬಣ್ಣದವನು. ಇಬ್ಬರೂ ಹುಬ್ಬು ಗಂಟಿಕ್ಕಿ, ಕಂಬಕ್ಕೆ ಒರಗಿ, ದೂರ ಎಲ್ಲೋ ನೋಡುತ್ತ ನಿಂತರು.

ಕೇತಲೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇವರಿಗೇನು ಹೊಟ್ಟೆನೋವಾ?"

"ಅವರು ಗಂಭೀರವಾಗಿದ್ದಾರೆ!"

"ಮಾಡೋಕೆ ಕೆಲಸ ಇಲ್ಲ ಅಂತ ಹೇಳಿ. ಇರಲಿ, ನನಗೂ ಕತ್ತಿ ಹಿಡಿಯೋ ಹುಡುಗಿ ಕತೆ ಅಂದ್ರೆ ಬಲು ಇಷ್ಟ, ಅಂಥದ್ದನ್ನ ಊಟ ಬಿಟ್ಟು ಓದ್ತೀನಿ. ಆದರೆ ಇವಳೊಬ್ಬಳನ್ನ ಜಾಣೆ ಮಾಡೋಕೆ ಹೂವು ಕಟ್ಟೋರನ್ನೆಲ್ಲ ಪೆದ್ದರು ಮಾಡಬೇಕಾ? ನಮ್ಮಕ್ಕನೂ ಹೂವು ಕಟ್ತಾಳೆ. ಹಾಳಾಗಲಿ ಬಿಡಿ. ಈ ಮಿಂಚನ್ನ ಹಿಡಿದು ಅವಳು ಯಾರ ಜೊತೆ ಕಾದಾಡಿದಳು?"

ಮಧುಕಂಠ ಮಂಚದತ್ತ ತಿರುಗಿದ. ನೀಲಬ್ಬೆ ಕವಚ ತೊಟ್ಟು, ಕತ್ತಿಯನ್ನು ತಬ್ಬಿಕೊಂಡು, ಮೊದಲಿನಂತೆಯೇ ಮಲಗಿದ್ದಳು. ಹಳೆಯ ಗೊಂಬೆಗೆ ಹೊಸ ಸೀರೆ ಉಡಿಸಿದ್ದನೇ ಹೊರತು ಮತ್ತೇನೂ ಮಾಡಿರಲಿಲ್ಲ. ಇಬ್ಬರು ರಾಜಕುಮಾರರೂ ಕೆಮ್ಮಿ, ಬಂದ ಹೊಗೆಯಲ್ಲೇ ಕರಗಿಹೋದರು. ಎರಡನೆಯ ಪ್ರಶ್ನೆಯನ್ನೂ ಕೇತಲೆ ಗೆದ್ದಳು. ಕಿಟಕಿಯ ಬಿಸಿಲು ಕೆಂಪಾಯಿತು, ಕಪ್ಪೆಗಳ ಬೆನ್ನು ಕಲ್ಲಿನಂತೆ ಬಿಗಿಯತೊಡಗಿತು.

ಆಗ ಮಧುಕಂಠ ರುಮಾಲು ತೆಗೆದು ನೆಲದ ಮೇಲೆ ಕೂತ. ದನಿ ತಗ್ಗಿಸಿದ.

"ಮಗು, ಇದು ರಾಜಕುಮಾರನ ಕತೆಯಲ್ಲ. ನನ್ನ ಕತೆ. ಹುಟ್ಟಿದಾಗಲೇ ನನ್ನನ್ನ ಕಾಡಲ್ಲಿ ಬಿಟ್ಟರು. ಹಸಿದಾಗ ತುತ್ತು ಕೊಟ್ಟವರಿಲ್ಲ, ಅತ್ತಾಗ ಯಾಕೆ ಅಂತ ಕೇಳಿದವರಿಲ್ಲ. ಎಲ್ಲರೂ ಮಾಯಾವಿ ಅಂದರು. ಮನುಷ್ಯ ಅಂತ ಒಬ್ಬರೂ ಅನ್ನಲಿಲ್ಲ. ನಾನು ಕೇಳಿದ್ದು ಒಂದು ಮನೆ, ಪ್ರೀತಿಯ ಒಂದು ಕೈ. ಅಷ್ಟೇ." ಅವನ ಕಣ್ಣಿಂದ ನೀರು ಇಳಿಯಿತು. ನಿಜವಾದ ನೀರೇ.

ಕೇತಲೆ ಕರಗಿಹೋದಳು. ಇಂಥ ಕತೆ ಅಂದರೆ ಅವಳಿಗೆ ಪ್ರಾಣ. ಎಲ್ಲರೂ ಕೆಟ್ಟವನು ಅಂದವನ ಕಡೆಯಿಂದ ಹೇಳುವ ಕತೆ! ಹಿಂದೆ ಇಂಥವನ್ನು ಓದಿ ದಿಂಬು ನೆನೆಸಿದ್ದಳು. ತುಟಿ ತಾನಾಗಿ ಮುಂದೆ ಬಂತು. ಹೂ ಅನ್ನುವಷ್ಟರಲ್ಲಿ, ಹಿಡಿದಿದ್ದ ಅಕ್ಕನ ಕೈ ತಣ್ಣಗಾಗಿರುವುದು ಅರಿವಿಗೆ ಬಂತು. ಉಗುರಿನ ತುದಿ ಆಗಲೇ ಕಲ್ಲಾಗಿತ್ತು. ಮುಚ್ಚಿದ ರೆಪ್ಪೆಯ ಕೆಳಗಿಂದ ಒಂದು ಹನಿ ಕೆನ್ನೆಗೆ ಇಳಿಯುತ್ತಿತ್ತು.

ಕೇತಲೆ ತುಟಿ ಕಚ್ಚಿಕೊಂಡಳು. ಇನ್ನು ಸ್ವಾಮಿಯೂ ಇಲ್ಲ, ನೀವೂ ಇಲ್ಲ.

"ನಿನಗೆ ನೋವಾಗಿದ್ದು ನಿಜ. ನಿನಗೋಸ್ಕರ ನಾನು ಅಳ್ತೀನಿ, ಬೇಕಾದರೆ ಊಟಾನೂ ಹಾಕ್ತೀನಿ. ಆದರೆ ಮೂರು ಸಲ ಕತೆ ಹೇಳಿದೆ. ನಿನ್ನ ಕತ್ತಿಗೆ ಹೆಸರಿದೆ, ಕುದುರೆಗೆ ಹೆಸರಿದೆ, ನಿನ್ನ ಕಣ್ಣೀರಿಗೂ ಜಾಗ ಇದೆ. ನಮ್ಮಕ್ಕನಿಗೆ ಮಾತ್ರ ಒಂದೇ ಒಂದು ಮಾತಿಲ್ಲ. ಹೇಳು, ನೀನು ಕೈ ಹಿಡಿದಾಗ ಅವಳು ಏನಂದಳು?"

ಮಧುಕಂಠ ನೀಲಬ್ಬೆಯತ್ತ ನೋಡಿದ. ಅವಳು ಏನನ್ನಬಹುದು ಅಂತ ಅವನು ಒಂದು ಕ್ಷಣವೂ ಯೋಚಿಸಿದವನಲ್ಲ. ಸೂರಿನ ಕಡೆ ನೋಡಿದ, ನೆಲ ನೋಡಿದ. "ಅವಳು... ಅವಳು..." ಎಂದು ತಡವರಿಸಿದ. ದನಿಯಲ್ಲಿದ್ದ ಜೇನೆಲ್ಲ ಬತ್ತಿ ಕರಕರ ಅಂದಿತು.

ಕತೆ ಕೈಜಾರಿತು! ಚಾವಡಿಯ ಕಂಬಗಳು ಗುಯ್ಗುಟ್ಟಿದವು, ಗಿಳಿ ರೆಕ್ಕೆ ಬಡಿಯಿತು, ಬಾಗಿಲಲ್ಲಿ ಹುಲಿ ಬಾಲ ನೆಟ್ಟಗೆ ಮಾಡಿತು. ಮಧುಕಂಠ ಮಾತ್ರ ಗಹಗಹಿಸಿ ನಕ್ಕ.

"ಕತೆ ಸಿಕ್ಕರೆ ಆಯ್ತಾ ಹುಡುಗಿ? ಹೂಂ ಅನ್ನೋರು ಯಾರು? ಇಲ್ಲಿ ಬಾಯಿ ಇರೋನು ನಾನೊಬ್ಬ. ನಾನು ಅನ್ನಲ್ಲ! ಕಲ್ಲಾದರೂ ಸರಿ, ಅನ್ನಲ್ಲ!"

"ಬೇಡ ಬಿಡು," ಎಂದಳು ಕೇತಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ಒಂದೂರಲ್ಲಿ ನೀಲಬ್ಬೆ ಅಂತ ಒಬ್ಬಳು ಮಲಗಿದ್ದಳು. ಮಲಗಿದ್ದವಳಿಗೆ ಮಂಚದ ಕೆಳಗೆ ಏನೋ ಪರಪರ ಅಂತ ಕೆರೆದ ಹಾಗೆ ಕೇಳಿಸ್ತು. ಇಲಿಯಲ್ಲ. ಬೆಕ್ಕೂ ಅಲ್ಲ. ಯಾರೋ ಬಹಳ ಮೆತ್ತಗೆ ಅವಳ ಹೆಸರು ಹಿಡಿದು ಕರೆದರು. ಅವಳು ಒಂದು ಕಣ್ಣು ಬಿಟ್ಟಳು. ಬಗ್ಗಿ ನೋಡಿದಳು. ಮಂಚದ ಕೆಳಗೆ ಒಂದು ಪುಟ್ಟ ಬಾಗಿಲಿತ್ತು. ಚಿಲಕ ತೆಗೆದಳು. ಒಳಗೆ..."

ಕೇತಲೆ ಅಲ್ಲಿಗೇ ನಿಲ್ಲಿಸಿದಳು. ಜಡೆಯ ತುದಿ ಬಿಚ್ಚಿ ಮತ್ತೆ ಹೆಣೆಯತೊಡಗಿದಳು.

ಮಧುಕಂಠ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಓರೆಗಣ್ಣಿಂದ ನೋಡಿದ. ಜಗತ್ತಿನ ಕತೆಯೆಲ್ಲ ಅವನಿಗೆ ಗೊತ್ತಿತ್ತು, ಎಲ್ಲದರ ಕೊನೆಯೂ ಗೊತ್ತಿತ್ತು. ಇದೊಂದು ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಯಾರೂ ಅವನಿಗೆ ಕೂರಿಸಿ ಕತೆ ಹೇಳಿದ್ದೇ ಇಲ್ಲ.

"ಒಳಗೆ ಏನಿತ್ತು?" ಎಂದ.

"ಕಟ್ಟಳೆ ಗೊತ್ತಲ್ಲ."

"ಏನಿತ್ತು ಅಂತ ಹೇಳೇ!"

ಕೇತಲೆ ಜಡೆ ಹೆಣೆದಳು.

"ಹೂಂ!" ಎಂದು ಕಿರುಚಿದ ಮಧುಕಂಠ. "ಹೂಂ, ಹೇಳು!"

ನೀಲಬ್ಬೆ ಒಂದು ಕಣ್ಣು ಬಿಟ್ಟಳು. ಮಧುಕಂಠನಿಗೆ ಅದರ ಕಡೆ ಗಮನವೇ ಇಲ್ಲ, ಕೇತಲೆಯ ಬಾಯನ್ನೇ ನೋಡುತ್ತಿದ್ದ.

"ಒಳಗೆ ಹೊಂಗೆರೆಯವರ ದನಿಯೆಲ್ಲ ಕೂಡಿಹಾಕಿದ್ದರು. ದೊರೆಯ ದನಿ, ಮಂತ್ರಿಗಳ ದನಿ, ದಳಪತಿಯ ದನಿ. ನೀಲಬ್ಬೆ ಬಾಗಿಲು ಹಾರುಹೊಡೆದಳು. ಯಾರ ದನಿ ಅವರ ಕೊರಳಿಗೆ ಹೋಯಿತು. ಯಾರ ರೂಪ ಅವರ ಮೈಗೆ ಬಂತು."

"ಹೂಂ, ಆಮೇಲೆ?"

ಧಡಧಡ ಎಂದು ಕಪ್ಪೆಗಳಿದ್ದಲ್ಲಿ ಮಂತ್ರಿಗಳು ಎದ್ದರು. ಪಂಜರ ಮುರಿದು ಸಿರಿಮಾರ ಹೊರಗೆ ಬಿದ್ದ. ದಳಪತಿ ಮೀಸೆ ಮುಟ್ಟಿ ನೋಡಿಕೊಂಡ.

"ಆಮೇಲೆ ಆ ಕತೆಗಾರ ಚಿಕ್ಕವನಾದ. ಇನ್ನೂ ಚಿಕ್ಕವನಾದ. ಗೋಡೆಗೆ ಅಂಟಿಕೊಂಡ. ಇನ್ನು ಮೇಲೆ ಯಾರ ಮನೆಯಲ್ಲಿ ಯಾರು ಕತೆ ಹೇಳಿದರೂ ಅವನು ಕೇಳಬೇಕು, ತಾನು ಮಾತ್ರ ಹೇಳುವ ಹಾಗಿಲ್ಲ."

"ಹೂಂ," ಅಂದ ಮಧುಕಂಠ. ಅಂದ ಮೇಲೆ ಅರ್ಥವಾಯಿತು. ಆದರೆ ಅಷ್ಟರಲ್ಲಿ ಅವನಿಗೆ ಬಾಲ ಬಂದಿತ್ತು.

ಚಾವಡಿಯಲ್ಲಿ ಹೋ ಎಂದು ಕೂಗು ಎದ್ದಿತು. ನೀಲಬ್ಬೆ ಕವಚ ಕಿತ್ತೆಸೆದು ಮಂಚದಿಂದ ಧುಮುಕಿ ತಂಗಿಯನ್ನು ಬಾಚಿ ತಬ್ಬಿಕೊಂಡಳು. "ಎಲ್ಲಾ ಕೇಳಿಸ್ತಿತ್ತು ಕಣೇ ಕೇತೂ. ಒಂದೊಂದು ಮಾತೂ ಕೇಳಿಸ್ತಿತ್ತು, ಬಾಯಿ ಮಾತ್ರ ಏಳ್ತಿರಲಿಲ್ಲ," ಎಂದು ಗೊಳೋ ಎಂದು ಅತ್ತಳು. ಕೇತಲೆಯೂ ಅತ್ತಳು. ಅಷ್ಟು ಹೊತ್ತಿನ ಧೈರ್ಯವೆಲ್ಲ ಆಗ ನೀರಾಗಿ ಹರಿಯಿತು.

ಸಿರಿಮಾರ ಅವರೆದುರು ಬಂದು, ಕಿರೀಟ ತೆಗೆದು, "ನಿನ್ನನ್ನ ಹೊರಗೆ ಕೂರಿಸಿದ್ದು ನನ್ನ ತಪ್ಪು ತಾಯಿ. ಏನು ಬೇಕು ಕೇಳು," ಎಂದ.

ಕೇತಲೆ ಬಾಯಿ ತೆರೆಯುವ ಮೊದಲೇ ನೀಲಬ್ಬೆ ಅಂದಳು, "ನಾನು ಹೇಳ್ತೀನಿ ಪ್ರಭು. ಹೂಂ ಅನ್ನೋ ಕೆಲಸ ನನಗೆ ಸಾಕಾಯ್ತು. ನಾಳೆಯಿಂದ ಇಲ್ಲಿ ಕತೆ ಹೇಳೋಳು ನಾನು. ಎದುರಿಗೆ ಕೂತು ತಲೆ ತಿನ್ನೋಳು ಇವಳು."

ಹಾಗೇ ಆಯಿತು. ನೀಲಬ್ಬೆಯ ಕತೆ ಕೇಳಲು ದೇಶ ದೇಶದಿಂದ ಜನ ಬಂದರು, ಕೇತಲೆಯ ಪ್ರಶ್ನೆ ಕೇಳಲು ಅದಕ್ಕಿಂತ ಹೆಚ್ಚು ಜನ ಬಂದರು. ನಡುನಡುವೆ ಗೋಡೆಯ ಮೇಲಿನ ಹಲ್ಲಿ ಲೊಚ್ ಲೊಚ್ ಅನ್ನುತ್ತಿತ್ತು. ನಿಮ್ಮ ಮನೆಯಲ್ಲೂ ಅನ್ನುತ್ತದಲ್ಲ, ಅದು ಅವನದೇ ವಂಶ. ಓಡಿಸಬೇಡಿ, ಕತೆ ಕೇಳಿಕೊಂಡು ಇರಲಿ. ಹೊಂಗೆರೆಯವರು ಅವತ್ತು ಹೊಟ್ಟೆ ತುಂಬ ಹೋಳಿಗೆ ಉಂಡು ನಕ್ಕು ನಕ್ಕು ಮಲಗಿದರಂತೆ. ಏಳಿ ಇನ್ನು, ನಮ್ಮ ಮನೆಯಲ್ಲೂ ಎಲೆ ಹಾಕಿಯಾಯಿತು.