ಅಬ್ಬಿಗೆ ತಂದ ಫ್ಲಾಸ್ಕ್

"ಹ್ವಾಯ್! ಆ ಫ್ಲಾಸ್ಕ್ ಮುಚ್ಚಿ! ನಳಿಗೆ ಮುಟ್ಬೇಡಿ!"

ನಿಶ್ಮಿತಾಳ ಕೂಗಿಗೆ ಕುಂದಾಪುರದ ಆ ಐಸಿಯು ಮಾತ್ರವಲ್ಲ, ಗಂಗೊಳ್ಳಿಯ ದೋಣಿಗಳೂ ನಡುಗಿರಬೇಕು! ರೋಗಿಗಳಿಗೆ ಏನು, ಎಷ್ಟು ಕೊಡಬೇಕೆಂದು ಹೇಳುವ ಡಯಟಿಷಿಯನ್ ಅವಳು.

ಎದುರಿಗಿದ್ದವನು ಸುಧೀರ್. ಬಾಗಿಲಿಗೂ ಬಗ್ಗಿ ಬರಬೇಕಾದ ಎತ್ತರ! ಅವನ ಅಬ್ಬಿ, ಅಂದರೆ ತಾಯಿ, ಮೋಹಿನಿ ತೆಕ್ಕಟ್ಟೆಯಲ್ಲಿ ಮೀನು ಮಾರುವವಳು. ತೇಡೆ ಮೀನಿನ ಮುಳ್ಳು ಚುಚ್ಚಿದ್ದಕ್ಕೆ ಅರಸಿನ ಮೆತ್ತಿ ನಾಲ್ಕು ದಿನ ಬುಟ್ಟಿ ಹೊತ್ತಿದ್ದಳು. ನಂಜು ರಕ್ತಕ್ಕೇರಿ, ಈಗ ಎಚ್ಚರವಿಲ್ಲದೆ ಮಲಗಿದ್ದಳು; ಮೂಗಿನ ನಳಿಗೆಯಲ್ಲೇ ಹಾಲು.

"ಗಂಟೆಗೆ ಇಪ್ಪತ್ತ್ ಎಂಎಲ್ ಹಾಲಾ? ಬೆಕ್ಕಿನ್ ಮರಿಯೂ ಇದ್ಕಿಂತ ಜಾಸ್ತಿ ಕುಡಿತ್! ನನ್ನಬ್ಬಿನ ಹಸಿವಲ್ಲೇ ಕೊಲ್ತ್ರಿಯಾ? ಮುಂಬೈಂದ ಚಿಕ್ಕಮ್ಮ ವಿಟಮಿನ್ ಪೌಡರ್ ಕಳ್ಸಿದ್ಳ್. ಮೀನ್ ಸಾರಿಗೆ ಕಲ್ಸ್ಕಂಡ್ ಬಂದಿದ್ದೆ."

"ಪೌಡರಿಗೆ ನಂಜು ಇಳಿತಿಲ್ಲೆ ಮರಾಯ್ರೆ. ಅದ್ಕೆ ಇಂಜೆಕ್ಷನ್ ಇತ್ತ್. ಹೊಟ್ಟಿಗೆ ಸ್ವಲ್ಪ ಸ್ವಲ್ಪವೇ ಕೊಡ್ಕ್..."

"ಕಲ್ಲೆದೆ ನಿಮ್ದ್!"

ಆ ಮಾತು ನಿಶ್ಮಿತಾಳಿಗೆ ತೇಡೆ ಮುಳ್ಳಿಗಿಂತ ಆಳಕ್ಕೆ ನಾಟಿತು. ಮನೆಗೆ ಹೋದ ಮೇಲೂ 'ಮೋಹಿನಿಯಮ್ಮನಿಗೆ ಹಾಲು ಹಿಡಿಸಿತಾ?' ಎಂದು ದಿನಾ ನರ್ಸಿಗೆ ಫೋನ್ ಮಾಡುವವಳು ಅವಳೇ... ಅವನಿಗೇನು ಗೊತ್ತು!

ಆರನೆಯ ದಿನ ಬೆಳಿಗ್ಗೆ, ಐಸಿಯು ಬಾಗಿಲಲ್ಲಿ ಮತ್ತದೇ ಫ್ಲಾಸ್ಕ್!

"ಮತ್ತೆ ತಂದ್ರಿಯಾ? ಎಷ್ಟ್ ಸಲ ಹೇಳ್ಕ್ ನಿಮ್ಗ್?" ಕಿತ್ತುಕೊಂಡಳು.

ಸುಧೀರ್ ಎದ್ದು ನಿಂತ... ಅಷ್ಟೇ! ಕಣ್ಣು ಕತ್ತಲಿಟ್ಟು, ಆ ಎತ್ತರವೆಲ್ಲ ಧಡ್ಡನೆ ಅವಳ ಕಾಲಬುಡಕ್ಕೆ ಬಿತ್ತು.

ಪಕ್ಕದ ರೋಗಿಯ ಹೆಂಡತಿ ಜಲಜಕ್ಕ ಗದರಿದಳು. "ಬೈಬೇಡಿ ಹೆಣೆ! ಅಬ್ಬಿ ಉಣ್ದೇ ನಾನ್ ಉಣ್ಣೆ ಅಂಬ ಹಟ ಇವಂದ್. ಆರ್ ದಿನ ಆಯ್ತ್, ಬರೀ ಚಾ. ಅಬ್ಬಿ ಕಣ್ ಬಿಟ್ಟ್ ಕೇಂಡ್ರೆ ಬಿಸಿ ಇರ್ಕ್ ಅಂದ್ಹೇಳಿ ದಿನಾ ಸಾರ್ ತತ್ತ. ನೀವ್ ಬೈದ್ ಮೇಲೆ ಒಳ್ಗ್ ತಕಂಡ್ ಹೋಯ್ಲಿಲ್ಲ."

'ಎಲ್ಲರ ಹಸಿವು ಅಳೆಯುವ ನನಗೆ ಈ ಹಸಿವು ಕಾಣಲಿಲ್ಲವಲ್ಲ...' ನಿಶ್ಮಿತಾಳ ಕಣ್ಣು ತುಂಬಿತು.

ಸುಧೀರನಿಗೆ ಎಚ್ಚರವಾಗಿ, ಡಾಕ್ಟರು ನೋಡಿ ಹೋದ ಮೇಲೆ ಅವಳೇ ಗಂಜಿತಿಳಿ ತಂದಳು.

"ಲೋಟ ಕೊಡಿ, ಒಟ್ಟಿಗೇ ಕುಡಿತೆ."

"ಆತಿಲ್ಲೆ! ಸೋತ ಮೈಗೆ ಒಟ್ಟಿಗೆ ಸುರಿದ್ರೆ ತಡ್ಕಂತಿಲ್ಲೆ." ಚಮಚ ಮುಂದೆ ಹಿಡಿದಳು.

ಸುಧೀರ್ ಚಮಚ ನೋಡಿದ. ಅವಳನ್ನು ನೋಡಿದ. "ಅಬ್ಬಿಗೂ... ಅದ್ಕೇ ಹೀಂಗೆ ಕೊಡ್ತಿದ್ದದ್ದಾ?"

"ಹ್ಞೂಂ."

"ನಾನ್ ಕಲ್ಲೆದೆ ಅಂದ್ಬಿಟ್ಟೆ..."

"ಬಾಯ್ ಬಿಡಿ. ಇನ್ನೂ ಎರಡ್ ಚಮಚ ಇತ್ತ್."

ಹನ್ನೊಂದನೆಯ ದಿನ ಮೋಹಿನಿ ಕಣ್ಣು ಬಿಟ್ಟಳು. ನಳಿಗೆ ತೆಗೆದ ಮೇಲೆ ಅವಳು ಮೊದಲು ಕೇಳಿದ್ದೇ ಮೀನು ಸಾರು! ಸುಧೀರ್ ತಂದ ಫ್ಲಾಸ್ಕಿನಿಂದ ನಿಶ್ಮಿತಾ ತಾನೇ ಎರಡು ಚಮಚ ಕುಡಿಸಿದಳು.

"ಉಪ್ಪೇ ಇಲ್ಲೆ!" ಮೋಹಿನಿ ಮುಖ ಸಿಂಡರಿಸಿದಳು. "ಇವ್ನ್ ಸಾರ್ ಉಂಬ ಹೆಣ್ಣ್ ಯಾರ್ ಸಿಗ್ತ್ರ್?"

ಸುಧೀರನ ಕಿವಿ ಬಂಗುಡೆ ಮಸಾಲೆಯಷ್ಟು ಕೆಂಪಾಯಿತು. "ನೀವ್... ಉಂಬ್ರಿಯಾ? ಜೀವಮಾನ ಪೂರ್ತಿ?"

ಮುಚ್ಚಳಕ್ಕೆ ಸಾರು ಬಗ್ಗಿಸಿ ಒಂದು ಗುಟುಕು ಕುಡಿದಳು ನಿಶ್ಮಿತಾ. ನಿಜಕ್ಕೂ ಉಪ್ಪಿರಲಿಲ್ಲ!

"ಒಟ್ಟಿಗೇ ಹೇಳ್ತಿಲ್ಲೆ," ನಕ್ಕಳು. "ಇವತ್ತಿಗೆ ಒಂದ್ ಚಮಚ... ಹ್ಞೂಂ."

"ನಾಳೆಗೆ?"

"ನಾಳೆ ಉಪ್ಪ್ ಹಾಕಿ ತನ್ನಿ."